ಹೊಳೆದಂಡೆಯ ಹಾರ್ನು

ಬೆಟಗೇರಿಯಲ್ಲಿ ಹುಟ್ಟಿ ಬೆಳೆದವನಿಗೆ ನೀರಿನ ಚಿಂತೆ ಎಂದರೆ ನಳದ ಚಿಂತೆ. ಯಾವಾಗ ಬಿಡುತ್ತಾರೋ, ಕೊಡ ತುಂಬುವುದರೊಳಗೆ ನಿಂತೇಬಿಡುತ್ತದೋ ಎಂದು ಒದ್ದಾಡುತ್ತೇವೆ. ಅಕ್ಕನನ್ನು ಮುಂಡರಗಿಯಾಚೆ, ಕೊರ್ಲಹಳ್ಳಿಗೆ ಹತ್ತಿರದ ಒಂದು ಹೊಳೆದಂಡೆಯ ಊರಿಗೆ ಮದುವೆ ಮಾಡಿಕೊಟ್ಟ ಮೇಲೆ ನನಗೆ ಬೇರೆಯದೇ ಭಯ ಗಂಟುಬಿತ್ತು. ಅಲ್ಲಿ ನೀರು ಬಂದರೇ ಕಷ್ಟ. ಎಲ್ಲೋ ಮೇಲೆ ಮಳೆಯಾಗಿ ಡ್ಯಾಮಿನ ಗೇಟು ತೆಗೆದರೆಂದರೆ ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ತುಂಗಭದ್ರೆ ಏರಲು ಶುರುಮಾಡುತ್ತಾಳೆ. ನನಗೆ ಈಜು ಬಾರದು. ಆ ಊರಿಗೆ ಹೋದಾಗಲೆಲ್ಲ ಹೊಳೆಗೆ ಬೆನ್ನು ಹಾಕಿ ಕೂಡುತ್ತಿದ್ದೆ.

"ಹೊಳಿ ಏನ್ ಮನೀತನಕ ಬಂದು ನಿನ್ನ ಹಿಡ್ಕೊಂಡು ಹೊಕ್ಕೈತೇನೋ?" ಎಂದು ಅಕ್ಕ ನಗುತ್ತಿದ್ದಳು. ಹಿಡಿದುಕೊಂಡು ಹೋದರೂ ಹೋಗಬಹುದು ಎಂದೇ ನನ್ನ ಅನುಮಾನ.

ಆ ಊರಿನ ಚಾವಡಿಯ ಮೇಲೆ ಹಳೆಯ ಕಾಲದ ಮೈಕಿನ ಹಾರ್ನ್ ಒಂದಿತ್ತು. ಗುಡಿಯ ಹಾಡಿಗೆ, ಊರಿನ ಬೇರೆ ಸುದ್ದಿಗೆ ಹೊಸ ಮೈಕು ಬಂದಿದ್ದರಿಂದ ಇದನ್ನು ಹೊಳೆಯ ಕೆಲಸಕ್ಕಷ್ಟೇ ಇಟ್ಟುಕೊಂಡಿದ್ದರು. ನೀರು ಬಿಟ್ಟ ಖಬರು ಫೋನಿನಲ್ಲಿ ಬಂದ ಕೂಡಲೇ ಪಂಚಾಯಿತಿಯ ವಾಟರ್‌ಮನ್ ಓಡಿಬಂದು ಅದರಲ್ಲಿ ಕೂಗುತ್ತಿದ್ದ. ಅದರ ದನಿಯೋ, ತಗಡಿನ ಡಬ್ಬಿಗೆ ಹರಳು ಹಾಕಿ ಅಲ್ಲಾಡಿಸಿದಂತೆ. ಮೊದಲ ಸಲ ಕೇಳಿದಾಗ ನಾನು ಕಿವಿ ಮುಚ್ಚಿಕೊಂಡಿದ್ದೆ. ಊರವರಿಗೆ ಅದರ ಪರಿವೆಯೇ ಇರಲಿಲ್ಲ. "ಹಾರ್ನ್ ಒದರಿತು" ಎಂದರೆ ಅಲ್ಲಿ ಒಂದೇ ಅರ್ಥ. ಕೈಯಲ್ಲಿದ್ದುದನ್ನು ಬಿಟ್ಟು ದಂಡೆ ಹತ್ತುತ್ತಿದ್ದರು.

ನನಗೆ ಮಾತ್ರ ಒಡಕು ದನಿ ಕೇಳಿದರೆ ಮೈ ಉರಿಯುತ್ತದೆ. ಮದುವೆ ಮನೆಗಳಲ್ಲಿ ಊಟ ಬಿಟ್ಟು ಮೈಕಿನವನ ಹತ್ತಿರ ಜಗಳಕ್ಕೆ ನಿಂತವನು ನಾನು. ಹಗಲು ಮೋಟಾರ್ ವೈಂಡಿಂಗ್ ಅಂಗಡಿ, ಸಂಜೆ ಹಳೆಯ ಹಾರ್ನ್‌ಗಳ ರಿಪೇರಿ. ಲಕ್ಷ್ಮೇಶ್ವರ, ಶಿರಹಟ್ಟಿಯ ಗುಜರಿ ಅಂಗಡಿಗಳಲ್ಲಿ ತಗ್ಗುಬಿದ್ದು ಕೂತಿದ್ದ ಹಾರ್ನ್‌ಗಳನ್ನೆಲ್ಲ ಮನೆಗೆ ಹೊತ್ತು ತಂದಿದ್ದೇನೆ. ನಮ್ಮಪ್ಪ ನೇಕಾರ. ಅವನ ಮಗ್ಗ ಹೋಯಿತು, ಅವನು ಕಾಲು ಇಳಿಬಿಟ್ಟು ನೇಯುತ್ತಿದ್ದ ಕುಣಿ ಉಳಿಯಿತು. ನಾನೂ ಅದರಲ್ಲೇ ಕಾಲು ಇಳಿಬಿಟ್ಟು ಕೂಡುತ್ತೇನೆ. ಸುತ್ತಲಿನ ನೆಲವೇ ನನ್ನ ಮೇಜು. ಗೋಡೆಯುದ್ದಕ್ಕೂ ಬಾಯಿ ತೆರೆದುಕೊಂಡು ನಿಂತ ಹಾರ್ನ್‌ಗಳನ್ನು ನೋಡಿ ಹೆಂಡತಿ, "ಮಾತಾಡೋರು ಇಬ್ಬರ, ಮನಿತುಂಬ ಬಾಯಿ" ಎನ್ನುತ್ತಾಳೆ.

ಅಂಥವನು ಅಕ್ಕನ ಊರಿನ ಹಾರ್ನನ್ನು ಹಾಗೇ ಬಿಡುತ್ತೇನೆಯೇ? ಈಚಿನ ಒಂದು ಮಳೆಗಾಲದಲ್ಲಿ, ಮಳೆ ಸ್ವಲ್ಪ ಬಿಡುವು ಕೊಟ್ಟಾಗ, ರಿಪೇರಿ ಮಾಡಿಕೊಡುತ್ತೇನೆಂದು ಕೇಳಿದೆ. ಅಕ್ಕನ ಗಂಡ ಪಂಚಾಯಿತಿಯವರಿಗೆ ಹೇಳಿ ಒಪ್ಪಿಸಿದ. ಹಾರ್ನ್ ಇಳಿಸಿ ಕೊಡುವಾಗ ವಾಟರ್‌ಮನ್, "ಜಲ್ದಿ ತರ್ರಿ ಮತ್ತ. ಇದು ಇಲ್ಲಂದ್ರ ನಾ ಮನಿಮನಿಗೆ ಓಡಬೇಕಾಕ್ಕೈತಿ" ಎಂದ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಅಪ್ಪಿ ಹಿಡಿದು ಬಂದೆ. ನಾನು ಹೊತ್ತು ತರುತ್ತಿದ್ದುದು ಒಂದಿಡೀ ಊರಿನ ಗಂಟಲು.

ಗುಜರಿಯ ಹಾರ್ನ್ ಕೆಟ್ಟರೆ ಇನ್ನೊಂದು ತರಬಹುದು. ಇದನ್ನು ಒಂದೊಂದೇ ಸ್ಕ್ರೂ ಎಣಿಸಿಟ್ಟುಕೊಂಡು ಬಿಚ್ಚಿದೆ. ಕುತ್ತಿಗೆಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು, ಕೆದರಿ ತೆಗೆದೆ. ಜಜ್ಜಿದ ಬಾಯಂಚನ್ನು ಮರಳಿನ ಚೀಲದ ಮೇಲಿಟ್ಟು ಮರದ ಸುತ್ತಿಗೆಯಿಂದ ಬಡಿದು ದುಂಡಗೆ ಮಾಡಿದೆ. ನಿಜವಾದ ಪರೀಕ್ಷೆ ಹಿಂದುಗಡೆಯ ಯೂನಿಟ್ಟಿನಲ್ಲಿತ್ತು. ಅದರೊಳಗೆ ಹಪ್ಪಳಕ್ಕಿಂತ ತೆಳುವಾದ ಪೊರೆ, ಪೊರೆಗೆ ಅಂಟಿದ ಕೂದಲೆಳೆಯ ತಂತಿಯ ಸುರುಳಿ, ಆ ಸುರುಳಿ ಅಯಸ್ಕಾಂತದ ಇಕ್ಕಟ್ಟು ಸಂದಿಯಲ್ಲಿ ಎಲ್ಲೂ ತಾಗದೆ ಆಡಬೇಕು. ಪೊರೆಯ ಅಂಚು ಹರಿದಿತ್ತು, ಸಂದಿಯಲ್ಲಿ ತುಕ್ಕಿನ ಪುಡಿ ತುಂಬಿತ್ತು. ಆ ಗರಗರ ಸದ್ದು ಹುಟ್ಟುತ್ತಿದ್ದುದು ಅಲ್ಲಿ. ಅಂಟುಪಟ್ಟಿಯಿಂದ ಪುಡಿಯನ್ನೆಲ್ಲ ಎತ್ತಿ, ಹೊಸ ಪೊರೆ ಕೂಡಿಸಿ, ಮತ್ತೆ ಮತ್ತೆ ಬಿಚ್ಚಿ ಜೋಡಿಸಿದೆ. ಹೊರಗೆ ಮೋಡ ಕಟ್ಟಿದರೆ ಕುಣಿಯಿಂದೆದ್ದು ಬಾಗಿಲಿಗೆ ಬಂದು ಆಕಾಶ ನೋಡುತ್ತಿದ್ದೆ. ಈಗ ನೀರು ಬಿಟ್ಟರೆ ಏನು ಗತಿ ಎಂದು ಅಕ್ಕನಿಗೆ ಫೋನು ಮಾಡಿ ಸುಮ್ಮನೆ ಅದೂ ಇದೂ ಮಾತಾಡುತ್ತಿದ್ದೆ.

ಕೊನೆಗೂ ಕೆಲಸ ಮುಗಿಯಿತು. ಚಾವಡಿಯ ಮೇಲೆ ಮತ್ತೆ ಏರಿಸಿ ನಾನೇ "ಹಲೋ, ಹಲೋ" ಎಂದೆ. ಸುಲಿದ ಬಾಳೆಹಣ್ಣಿನಂಥ ದನಿ! ಕೆಳಗೆ ನಿಂತ ಜನ ಚಪ್ಪಾಳೆ ತಟ್ಟಿದರು. ಅಕ್ಕನ ಗಂಡ ಬೆನ್ನು ತಟ್ಟಿ, "ಏನ್ ಕೈ ಅಪ್ಪಾ ನಿಂದು" ಎಂದ. ಅಕ್ಕನಂತೂ ಓಣಿಯ ಹೆಂಗಸರನ್ನೆಲ್ಲ ಕರೆಕರೆದು ಕೇಳಿಸಿದಳು. ಇನ್ನು ಅವಳ ಚಿಂತೆ ಇಲ್ಲ ಎಂದುಕೊಂಡು ಊರಿಗೆ ಬಂದು ಚೆನ್ನಾಗಿ ನಿದ್ದೆ ಮಾಡಿದೆ.

ನವರಾತ್ರಿ ಹತ್ತಿರ ಬಂತು. ಅಲ್ಲಿಯವರೆಗೆ ಹೊಳೆಗೆ ನೀರು ಬಿಟ್ಟಿರಲಿಲ್ಲ, ಹಾರ್ನ್ ಒಂದು ಸಲವೂ ಕೂಗಿರಲಿಲ್ಲ. ಮಳೆಯಲ್ಲಿ ನೆನೆದ ಹೊಸ ಪೊರೆ ಹೇಗಿದೆಯೋ, ಒಳಗೆ ನೀರು ಇಳಿದಿದೆಯೋ ಎಂಬ ಸಂಶಯ ಬಿಡಲಿಲ್ಲ. ಒಂದು ಬೆಳಿಗ್ಗೆ ಅಕ್ಕನಿಗೆ ಫೋನು ಮಾಡಿ, "ಹಾರ್ನ್ ನೋಡಾಕ ಬರಾಕತ್ತೀನಿ" ಎಂದೆ. "ಬಾ, ನಾ ಹೊಳಿಗೆ ಹೊಂಟೀನಿ, ಕೌದಿ ತೊಳೀಬೇಕು. ನೀ ಬರೂದ್ರಾಗ ಬಂದಿರ್ತೀನಿ" ಎಂದಳು. ನವರಾತ್ರಿಯ ಮೊದಲ ದಿನ ದೇವರ ಮುಂದೆ ಘಟ್ಟ ಹಾಕುವುದರೊಳಗೆ ಮನೆಯ ಹಾಸಿಗೆ ಹೊದಿಕೆಯೆಲ್ಲ ತೊಳೆದಿರಬೇಕು. ನೆನೆದ ಕೌದಿಯನ್ನು ಎತ್ತಲು ಇಬ್ಬರು ಬೇಕು. ಅದು ಬಚ್ಚಲಲ್ಲಿ ಆಗುವ ಕೆಲಸವಲ್ಲ. ಹೆಂಗಸರು ಗುಂಪಾಗಿ ಹೊಳೆಯ ನಡುವಿನ ಬಂಡೆಗಳಿಗೆ ಹೋಗಿ ಒಗೆದು, ಅಲ್ಲೇ ಹರವಿ ಒಣಗಿಸಿಕೊಂಡು ಬರುವುದು ಅಲ್ಲಿಯ ರೂಢಿ. ದಂಡೆಗೂ ಬಂಡೆಗೂ ನಡುವೆ ಪಾದ ಮುಳುಗುವಷ್ಟೇ ನೀರು.

ನಾನು ಹೋದಾಗ ಅಕ್ಕ ಇನ್ನೂ ಬಂದಿರಲಿಲ್ಲ. ಅಕ್ಕನ ಗಂಡನ ಜೊತೆ ಚಾವಡಿಯ ಹತ್ತಿರ ಬರುವ ಹೊತ್ತಿಗೆ ವಾಟರ್‌ಮನ್ ಫೋನು ಕಿವಿಗಿಟ್ಟುಕೊಂಡೇ ಒಳಗೆ ಓಡಿದ. ತುಸು ಹೊತ್ತಿಗೆ ಮೇಲಿನಿಂದ ನನ್ನ ಹಾರ್ನ್ ಕೂಗಿತು. "ಹೊಳಿಗೆ ನೀರ ಬಿಟ್ಟಾರ, ಎಲ್ಲಾರೂ ಜಲ್ದಿ ಮ್ಯಾಲೆ ಬರ್ರಿ!" ಒಂದೊಂದು ಅಕ್ಷರವೂ ಸ್ಪಷ್ಟ.

"ಅಕ್ಕ ಹೊಳ್ಯಾಗ ಅದಾಳ," ಎಂದೆ.

"ಕೇಳಿರ್ತೈತಿ ಬಿಡೋ, ಬರ್ತಾರ," ಎಂದ ಅಕ್ಕನ ಗಂಡ.

ಹೊಳೆಯಿಂದ ಬರುವ ಹಾದಿ ನೋಡುತ್ತ ನಿಂತೆವು. ದನ ಮೇಯಿಸುವವನೊಬ್ಬ ನಿಧಾನಕ್ಕೆ ಬಂದ, ಅವನ ಹಿಂದೆ ಯಾರೂ ಇಲ್ಲ. ವಾಟರ್‌ಮನ್ ಮತ್ತೆ ಕೂಗಿದ. ಹಾದಿ ಖಾಲಿಯೇ. ಅಕ್ಕನ ಗಂಡನ ಮುಖ ನೋಡಿದೆ. ಅವನ ಮುಖದಲ್ಲೂ ರಕ್ತವಿರಲಿಲ್ಲ. ಇಬ್ಬರೂ ಓಡಿದೆವು.

ಹೊಲ ದಾಟಿ ದಂಡೆಗೆ ಬಂದಾಗ ಅವರು ಕಂಡರು. ಬಂಡೆಗಳ ತುಂಬ ಬಣ್ಣಬಣ್ಣದ ಕೌದಿ, ನಡುವೆ ಹೆಂಗಸರು ಆರಾಮಾಗಿ ಕೂತಿದ್ದರು. ಆಗ ಹಾರ್ನ್ ಮತ್ತೆ ಕೂಗಿತು. ಎದುರುಗಾಳಿ ಬೀಸುತ್ತಿತ್ತು. ಅಲ್ಲಿ ಏನು ಹೇಳುತ್ತಿದ್ದಾರೆಂದು ಗೊತ್ತಿದ್ದ ನನಗೇ ಒಂದು ಮಾತೂ ಬಿಡಿಸಿ ಕೇಳಲಿಲ್ಲ. ಬಂದದ್ದು ಬರೀ ದನಿ, ಇಂಪಾದ ದನಿ, ಗುಡಿಯಲ್ಲಿ ಯಾರೋ ಹಾಡು ಹಚ್ಚಿದ ಹಾಗೆ. ಇಷ್ಟು ವರ್ಷ ಈ ಜನ ಮಾತು ಕೇಳಿ ಏಳುತ್ತಿರಲಿಲ್ಲ, ಆ ಗರಗರ ಕೇಳಿ ಏಳುತ್ತಿದ್ದರು. ಅದನ್ನು ನಾನು ತೆಗೆದುಬಿಟ್ಟಿದ್ದೆ.

ಅಷ್ಟರಲ್ಲಿ ನೀರಿನ ಬಣ್ಣ ಕೆಂಪಾಗಿತ್ತು. ನೊರೆ, ಕಸ, ಮುಳ್ಳುಕಂಟಿ ತೇಲಿ ಬರುತ್ತಿದ್ದವು. ನಾನು ಎರಡೂ ಕೈ ಎತ್ತಿ ಚೀರಿದೆ. ಅಕ್ಕ ನನ್ನನ್ನು ನೋಡಿದಳು. ನೋಡಿ, ನಗುತ್ತ, ಕೈ ಬೀಸಿದಳು.

ಆ ಕೈ ಈಗಲೂ ಕಣ್ಣಿಗೆ ಕಟ್ಟುತ್ತದೆ. ನಾನು ಏನೇನು ಬೈದೆನೋ, ಹೇಗೆ ಅತ್ತೆನೋ ನೆನಪಿಲ್ಲ. ಅಕ್ಕನ ಗಂಡ ಆಗಲೇ ನೀರಿಗೆ ಇಳಿದಿದ್ದ, ಅವನ ಹಿಂದೆ ನಾನೂ ಇಳಿದಿದ್ದೆ. ಮೊಣಕಾಲಿಗೆ ಬಂದ ನೀರು ನೋಡುನೋಡುತ್ತಲೇ ತೊಡೆಗೆ ಬಂತು. ಆಗ ಅವರಿಗೆ ತಿಳಿಯಿತು. ಬೊಬ್ಬೆ ಹಾಕುತ್ತ ಒಬ್ಬರ ಸೆರಗು ಒಬ್ಬರು ಹಿಡಿದು ಇಳಿದರು. ಅಕ್ಕ ಒಂದು ಕೌದಿಯನ್ನು ಎಳೆದುಕೊಳ್ಳಲು ಹಿಂದಕ್ಕೆ ಹೋದಳು. "ಬಿಡ ಅದನ್ನ, ನಿನ್ನ ಕೌದಿಗೆ ಬೆಂಕಿ ಹಚ್ಚಲಿ!" ಎಂದು ಒದರಿದೆ. ಬಿಟ್ಟಳು. ಎಲ್ಲರಿಗಿಂತ ಹಿಂದೆ ಇದ್ದವಳು ಪಕ್ಕದ ಮನೆಯ ಸೊಸೆ, ಆ ವರ್ಷವೇ ಮದುವೆಯಾಗಿ ಬಂದವಳು. ಅವಳ ಕಾಲು ಜಾರಿತು, ಒಂದು ಗಳಿಗೆ ತಲೆಯೇ ಕಾಣಲಿಲ್ಲ. ಅಕ್ಕನ ಗಂಡ ಮುಳುಗಿ ಅವಳ ಜಡೆ ಹಿಡಿದು ಎಳೆದ. ಮೇಲೆ ಬಂದು ನೋಡಿದರೆ ಬಂಡೆಗಳಿರಲಿಲ್ಲ. ಕೌದಿಗಳು ದೂರದಲ್ಲಿ ಹೋಗುತ್ತಿದ್ದವು.

ಎಲ್ಲರೂ ದಂಡೆಯ ಮೇಲೆ ಕುಸಿದು ಕೂತರು. ಅಕ್ಕನ ಹಲ್ಲು ಕಟಕಟ ಎನ್ನುತ್ತಿದ್ದವು. ನಾನು ಅವಳ ಭುಜ ಹಿಡಿದು ಅಲ್ಲಾಡಿಸಿದೆ. "ಹಾರ್ನ್ ಕೇಳಲಿಲ್ಲೇನು? ಯಾಕ ಏಳಲಿಲ್ಲ?"

"ಕೇಳ್ತೋ ತಮ್ಮಾ, ಚಲೋ ಕೇಳ್ತು," ಎಂದಳು. ಪಕ್ಕದ ಮನೆಯ ಸೊಸೆಯ ಕಡೆ ಕೈ ಮಾಡಿದಳು. "ಈಕಿ ಎದ್ದಿದ್ಲು, ಹೋಗೂಣು ಬರ್ರಿ ಅಂತ. ನಾನ ಈಕಿ ಕೈ ಹಿಡದು ಕುಂದ್ರಿಸಿದ್ನಿ. ಹೊಳಿ ಹಾರ್ನ್ ಹಿಂಗ ಒದರೂದಿಲ್ಲ, ನನ್ನ ತಮ್ಮ ಬಂದಾನ, ಹಚ್ಚಿ ನೋಡಾಕತ್ತಾನ, ದನಿ ಎಷ್ಟ ಚಂದ ಮಾಡ್ಯಾನ ಕೇಳು ಅಂದ್ನಿ."

ಆ ಹೆಣ್ಣುಮಗಳು ಕೆಮ್ಮುತ್ತ, ಸೆರಗು ಹಿಂಡಿಕೊಳ್ಳುತ್ತ ಕೂತಿದ್ದಳು. ಅವಳ ಮುಖ ನೋಡುವ ಧೈರ್ಯ ಅಕ್ಕನಿಗೂ ಆಗಲಿಲ್ಲ, ನನಗೂ ಆಗಲಿಲ್ಲ.