ಪೆನ್ನಿನಲ್ಲಿ ಬರೆದ ಚೀಟಿ

ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಸತ್ತ ಹಾವುಗಳ ಸೀಸೆಗಳಿಗೆ ಸ್ಪಿರಿಟ್ ತುಂಬಿ ತುಂಬಿ ಅವನು ಎಲ್ಲರ ಬಾಯಲ್ಲೂ ಸೀಸೆಯಣ್ಣನಾಗಿದ್ದ. ಓದಿದ್ದು ಏಳನೇ ಕ್ಲಾಸು. ಆದರೆ ಸೂಜಿ, ಭೂತಗನ್ನಡಿ ಹಿಡಿದು ಹಾವಿನ ಹುರುಪೆ ಎಣಿಸಿ ಜಾತಿ ಹೇಳಲು ಕೂತನೆಂದರೆ ದೊಡ್ಡ ದೊಡ್ಡ ಪದವೀಧರರಿಗೂ ನೀರು ಕುಡಿಸುತ್ತಿದ್ದ.

ಅವನ ತಮ್ಮ ನೀರಿನ ಪೈಪಿಗೆ ಗುಂಡಿ ತೋಡುವವನು. ದಿನಕ್ಕೊಂದು ಕಡೆ ಕೂಲಿ. ಒಂದು ಸಂಜೆ ಊಟದ ಡಬ್ಬಿಯಲ್ಲಿ ಗೇಣುದ್ದದ ಹಾವು ತಂದ. ಗುದ್ದಲಿ ತಾಗಿ ಸತ್ತಿತ್ತು.

"ಅಣ್ಣಾ, ಇದಕ್ಕೆ ಎರಡು ತಲೆ ಅಂತ ನಮ್ಮ ಮೇಸ್ತ್ರಿ ಎದ್ದೆನೋ ಬಿದ್ದೆನೋ ಅಂತ ಓಡಿದ."

"ನಿಮ್ಮ ಮೇಸ್ತ್ರಿಗೆ ಒಂದೂ ಇಲ್ಲ ಬಿಡು. ಮಣ್ಣೊಳಗೆ ಎರೆಹುಳ ತಿನ್ಕೊಂಡಿರೋ ಬಡಪಾಯಿ ಇದು. ಚೂಪು ಮೂತಿ ಕೊರೆಯೋಕೆ, ಚಾಕುವಿನಲ್ಲಿ ಕೊಯ್ದ ಹಾಗಿರೋ ಈ ಬಾಲ ಹಿಂದಿನ ಬಿಲ ಮುಚ್ಚೋಕೆ."

ಸೀಸೆಗೆ ಹಾಕುವ ಚೀಟಿಯಲ್ಲಿ ಹಾವು ಸಿಕ್ಕ ಜಾಗವನ್ನು ತಮ್ಮ ತಾನೇ ಬರೆಯುತ್ತೇನೆಂದು ಹಟ ಹಿಡಿದ. ನಲವತ್ತು ದಾಟಿದ ಮೇಲೆ ಅಕ್ಷರ ಕಲಿತವನು, ಜೇಬಿನಲ್ಲಿ ಸದಾ ಪೆನ್ನು. ಸೀಸೆಯೊಳಗಿನ ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಬೇಕು, ಶಾಯಿ ಸ್ಪಿರಿಟ್‌ನಲ್ಲಿ ತೊಳೆದುಹೋಗುತ್ತದೆ. ಹೊಸಬರಿಗೆ ಇದನ್ನು ಗಿಳಿಪಾಠ ಮಾಡಿಸುತ್ತಿದ್ದ ಸೀಸೆಯಣ್ಣನೇ ಅವತ್ತು ತಮ್ಮನ ಮುಖ ನೋಡಿ ತಡೆಯಲಿಲ್ಲ. ನಾಳೆ ಪೆನ್ಸಿಲ್‌ನಲ್ಲಿ ನಕಲು ಮಾಡಿದರಾಯಿತೆಂದು ಚೀಟಿಯನ್ನು ಒಳಗಿಟ್ಟ. ಅಕ್ಷರದ ಚಂದ ನೋಡಿದನೇ ಹೊರತು ಬರೆದದ್ದು ತಲೆಗೆ ಹೋಗಲಿಲ್ಲ.

ಮರುದಿನ ಊರಿನ ಇನ್ನೊಂದು ತುದಿಯಲ್ಲಿ ಗುಂಡಿಯ ಮಣ್ಣು ಕುಸಿದು ತಮ್ಮ ಸತ್ತ. ಆಮೇಲೆ ಆ ಸೀಸೆ ಮುಟ್ಟುವ ಧೈರ್ಯ ಸೀಸೆಯಣ್ಣನಿಗೆ ಬರಲಿಲ್ಲ. ದುಃಖಕ್ಕೆ ನಿಯಮ ಎಲ್ಲಿ ನೆನಪಿರುತ್ತದೆ!

ಎಂಟು ತಿಂಗಳ ಮೇಲೆ ಮಣ್ಣುಹಾವುಗಳನ್ನೇ ಅಭ್ಯಾಸ ಮಾಡುವ ಮೇಡಂ ಬಂದು ಆ ಸೀಸೆ ತೆರೆದರು. ನಡುಮೈಯಲ್ಲಿ ಹದಿನೇಳು ಸಾಲು ಹುರುಪೆ ಇರಬೇಕಾದಲ್ಲಿ ತಮ್ಮ ತಂದ ಹಾವಿಗೆ ಹದಿನೈದು. ಇಬ್ಬರೂ ಮೂರು ಮೂರು ಸಲ ಎಣಿಸಿದರು.

"ಇದು ಹೊಸ ಜಾತಿ ಕಣ್ರೀ! ನಿಮ್ಮ ತಮ್ಮನ ಹೆಸರೇ ಇಡೋಣ. ಎಲ್ಲಿ ಸಿಕ್ಕಿದ್ದು?"

ಚಿಮುಟದಲ್ಲಿ ಚೀಟಿ ಎತ್ತಿದರೆ ಅದರಲ್ಲಿ ಏನೂ ಇರಲಿಲ್ಲ.

ಸೀಸೆಯಣ್ಣ ರಜೆ ಹಾಕಿ ಕಂಡಕಂಡ ಮೇಸ್ತ್ರಿಗಳನ್ನೆಲ್ಲ ಕೇಳಿದ. ಹಾವು ಕಂಡು ಓಡಿದ್ದವನು ಊರು ಬಿಟ್ಟಿದ್ದ, ಉಳಿದವರು "ಆ ವಾರ ಐದು ಕಡೆ ಅಗೆಸಿದ್ದೆವು, ಯಾರಿಗ್ರೀ ನೆನಪು" ಎಂದರು. ಬರಿಗೈಯಲ್ಲಿ ಬಂದವನಿಗೆ ಮೇಡಂ ಮೆಲ್ಲಗೆ ಹೇಳಿದರು: "ಜಾಗ ಇಲ್ಲದೆ ಹೆಸರಿಡೋಕೆ ಆಗಲ್ಲ. ಐದರಲ್ಲಿ ಒಂದು ಹೇಳಿಬಿಡಿ, ಬರ್ಕೋತೀನಿ."

ಒಂದೇ ಒಂದು ಸುಳ್ಳು. ಹೇಳಿದರೆ ಗುಂಡಿ ತೋಡುವವನ ಹೆಸರು ಜಗತ್ತಿನ ಪುಸ್ತಕಗಳಲ್ಲೆಲ್ಲ ಉಳಿಯುತ್ತಿತ್ತು. ಸೀಸೆಯಣ್ಣ ಖಾಲಿ ಚೀಟಿಯನ್ನು ಸೀಸೆಗೆ ಹಾಕಿ ಮುಚ್ಚಳ ಬಿಗಿದ.

"ಬೇಡ ಮೇಡಂ. ನಾಳೆ ಯಾರೋ ಅಲ್ಲಿ ಅಗೆದು, ಹಾವು ಸಿಗದೆ, ನನ್ನ ತಮ್ಮನ್ನ ಸುಳ್ಳುಗಾರ ಅಂತಾರೆ. ಅವನು ಸರಿಯಾಗೇ ಬರೆದಿದ್ದ. ಅಳಿಸಿದ್ದು ನಾನು."

ತಮ್ಮ ಸತ್ತ ದಿನವೂ ಅಳದಿದ್ದವನು, ಅಷ್ಟು ಹೇಳಿ, ಮೇಜಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತ.