ಸಿಪಾಯಿ ಮೆಹಬೂಬಸಾಬನ ಹುಟ್ಟಿದ ವರ್ಷ

1974ರಲ್ಲಿ ನಾನು ತಿಕೋಟಾದ ಒಂದು ಖಾಸಗಿ ಹೈಸ್ಕೂಲಿನ ಮುಖ್ಯೋಪಾಧ್ಯಾಯ. ಸಿಬ್ಬಂದಿಯ ಸರ್ವಿಸ್ ಬುಕ್ಕುಗಳು, ಅಂದರೆ ಹುಟ್ಟಿದ ತಾರೀಖಿನಿಂದ ನಿವೃತ್ತಿಯವರೆಗಿನ ದಾಖಲೆಗಳು, ನನ್ನ ಕಪಾಟಿನಲ್ಲೇ ಇರುತ್ತಿದ್ದವು.

ಆ ಕಾಲದಲ್ಲಿ ಮಗುವಿನ ಹುಟ್ಟಿದ ದಿನ ತಾಯಿ-ತಂದೆಗೆ ಗೊತ್ತಿರುತ್ತಿರಲಿಲ್ಲ. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಅಂದಾಜು ವರ್ಷ ಹಿಡಿದು ‘ಜೂನ್ 1’ ಎಂದು ಬರೆದುಬಿಡುತ್ತಿದ್ದರು. ನಾನೂ ನೂರಾರು ಮಕ್ಕಳಿಗೆ ಹಾಗೇ ಬರೆದವನು. ನಮ್ಮ ಶಾಲೆಯ ಸಿಪಾಯಿ, ಅಂದರೆ ಜವಾನ, ಘೋಣಸಗಿಯ ಮೆಹಬೂಬಸಾಬನ ಬುಕ್ಕಿನಲ್ಲೂ ಅದೇ ಇತ್ತು: 1-6-1918. ಐವತ್ತೆಂಟಕ್ಕೆ ನಿವೃತ್ತಿ. ಇನ್ನೂ ಎರಡು ವರ್ಷ ನೌಕರಿ ಉಳಿದಿತ್ತು. ಮಗಳು ವಿಜಾಪುರದಲ್ಲಿ ಶಿಕ್ಷಕಿಯ ತರಬೇತಿಗೆ ಸೇರಿದ್ದಳು, ಅದೂ ಎರಡು ವರ್ಷದ್ದೇ. ಅವನು ಬೆರಳು ಮಡಿಚಿ ಲೆಕ್ಕ ಹಾಕಿಕೊಂಡು ನೆಮ್ಮದಿಯಾಗಿದ್ದ.

ಒಂದು ದಿನ ಸಂಸ್ಥೆಯ ಚೇರ್ಮನ್ನರು ನನ್ನ ಕೋಣೆಗೆ ಬಂದರು. ಬಬಲೇಶ್ವರದ ಅವರ ಅಕ್ಕನ ಮಗನಿಗೆ ಸಿಪಾಯಿ ಜಾಗ ಬೇಕಾಗಿತ್ತು.

“ಎಂಟು ಇದ್ದದ್ದನ್ನ ಆರು ಮಾಡ್ರಿ ಮಾಸ್ತರ, ಮುಗೀತು. ಈ ವರ್ಷನ ಮನೀಗ ಹೊಕ್ಕಾನ.”

ಆಗುವುದಿಲ್ಲ ಎಂದೆ. ಅವರು ನಕ್ಕರು. “ಊರ ಮಕ್ಕಳಿಗೆಲ್ಲಾ ಜೂನ್ ಒಂದು ಅಂತ ಸುಳ್ಳ ಬರದೋರು ನೀವು. ಇನ್ನೊಂದು ಬರದ್ರ ಕೈ ಸವೀತಾವೇನ್ರಿ?”

“ಗೊತ್ತಿಲ್ಲದ ಬರಿಯೂದು ಬ್ಯಾರೆ ಸಾಹೇಬ್ರ, ಗೊತ್ತಿದ್ದೂ ತಿದ್ದೂದು ಬ್ಯಾರೆ,” ಎಂದು ಬುಕ್ಕನ್ನು ಕಪಾಟಿಗಿಟ್ಟು ಕೀಲಿ ಹಾಕಿದೆ. ನನ್ನ ಬಗ್ಗೆ ನನಗೇ ಹೆಮ್ಮೆ ಅನಿಸಿತ್ತು, ಸುಳ್ಳೇಕೆ ಹೇಳಲಿ.

ಚೇರ್ಮನ್ನರು ಬಿಡುವ ಆಸಾಮಿಯಲ್ಲ. ವಾರದೊಳಗೆ ಆಡಳಿತ ಮಂಡಳಿಯ ಸಭೆ ಕರೆದು, ಸಿಪಾಯಿಯ ವಯಸ್ಸಿನ ಬಗ್ಗೆ ಸಂಶಯವಿದೆ, ಅವನದೇ ಹೇಳಿಕೆ ಬರೆದುಕೊಳ್ಳಬೇಕು ಎಂದರು. ಸಭೆಗೆ ಮೊದಲು ನಾನು ಅವನನ್ನು ಕರೆದು ಹೇಳಿದೆ: “ಏನ ಕೇಳಿದ್ರೂ, ಬುಕ್ಕಿನಾಗ ಇದ್ದದ್ದ ಖರೆ ಅಂತ ಹೇಳಿ ಸುಮ್ಮನಾಗು.” ಅವನು ತಲೆ ಕೆರೆದುಕೊಂಡು ಹೊರಗೆ ಹೋದ.

ಸಭೆಯಲ್ಲಿ ಚೇರ್ಮನ್ನರು ಕೇಳಿದರು: “ನೀ ಹುಟ್ಟಿದ್ದು ಯಾವಾಗಲೇ?”

“ತಾರೀಖು ಗೊತ್ತಿಲ್ರಿ. ಆದ್ರ ಹದಿನೆಂಟನೇ ಇಸವಿಯ ದೊಡ್ಡ ಜ್ವರದ ಜಡ್ಡಿನಾಗ ನಮ್ಮಪ್ಪ ತೀರಿಕೊಂಡಾಗ ನಾ ಅಂಗಳದಾಗ ಓಡ್ಯಾಡತಿದ್ನಿ ಅಂತ ಅವ್ವ ಹೇಳತಿದ್ಳು. ಎರಡು ವರ್ಷದಾಂವ ಇದ್ನಂತರಿ.”

ಎರಡು ವರ್ಷ ಕಳೆದರೆ 1916! ಚೇರ್ಮನ್ನರು ಖೊಟ್ಟಿಯಾಗಿ ಬರೆಸಲು ಹೊರಟಿದ್ದ ಇಸವಿಯೇ ಖರೆಯಾಗಿತ್ತು. “ನೋಡ್ರಿ ಮಾಸ್ತರ, ನಾ ಹೇಳಿದ್ದ ಖರೆ ಆತು!” ಎಂದು ಆ ಮನುಷ್ಯ ಮೇಜು ಕುಟ್ಟಿದ. ಖರೆಗೂ ಆತನಿಗೂ ಏನು ಸಂಬಂಧ? ಬಾಯಿಮಾತು ದಾಖಲೆಯಾಗುವುದಿಲ್ಲ ಎಂದು ನಾನು ಕೂಗಾಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಂದೇ ಠರಾವಾಯಿತು: ಹುಟ್ಟಿದ ವರ್ಷ 1916, ಈ ವರ್ಷವೇ ನಿವೃತ್ತಿ.

ಹೊರಗೆ ಬಂದವನೇ ಮೆಹಬೂಬಸಾಬನ ಮೇಲೆ ಹರಿಹಾಯ್ದೆ. “ಹುಚ್ಚಪ್ಪಾ, ಮಗಳ ಮಾರಿಯರ ನೋಡಬಾರದಾಗಿತ್ತೇನು?”

“ಆಕಿ ನಾಳೆ ಮಕ್ಕಳಿಗೆ ಕಲಿಸಾಕಿ ಸರ್ರ,” ಎಂದ. “ನಾ ಸುಳ್ಳ ಹೇಳಿ ಆಕೀನ ಅಕ್ಕೋರ್ನ ಮಾಡ್ಲಿ?”

ಮಗಳ ತರಬೇತಿ ಅರ್ಧಕ್ಕೆ ನಿಂತಿತು. ಬೀಳ್ಕೊಡುಗೆಯಲ್ಲಿ ಅದೇ ಚೇರ್ಮನ್ನರು ಅವನಿಗೆ ಶಾಲು ಹೊದಿಸಿ ಪ್ರಾಮಾಣಿಕತೆಯ ಮೇಲೆ ಅರ್ಧ ತಾಸು ಮಾತಾಡಿದರು. ನನ್ನ ಸರದಿ ಬಂದಾಗ ಎದ್ದು ಹೇಳಿದೆ: “ಈ ಸಾಲ್ಯಾಗ ಖರೆ ಹೇಳಿದಾಂವ ಒಬ್ಬನ ಒಬ್ಬ. ಅವನ್ನ ಇವತ್ತು ಹೊರಗ ಹಾಕಾಕತ್ತೇವಿ.” ಚಪ್ಪಾಳೆ ಬೀಳಲಿಲ್ಲ. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ಮೂವತ್ತು ವರ್ಷದ ನೌಕರಿ ನನಗೆ ಕಲಿಸಿದ್ದು ಇಷ್ಟೇ: ಅಂಕಿ ತಿದ್ದದಿದ್ದುದಕ್ಕೆ ನನ್ನ ಒಂದು ದಿನದ ಪಗಾರವೂ ಹೋಗಲಿಲ್ಲ, ಆದ್ದರಿಂದ ಅದನ್ನು ನಾನು ಪ್ರಾಮಾಣಿಕತೆ ಎಂದು ಕರೆಯುವುದಿಲ್ಲ. ಪ್ರಾಮಾಣಿಕನಾಗಿದ್ದವನಿಗೆ ಸುಳ್ಳು ಹೇಳಿಕೊಟ್ಟ ಮಾಸ್ತರ ನಾನು.