ನಾನು ಬದಲಿಸಿದ ಕೊನೆಯ ಪುಟ

ಅತ್ತೆ, ನಿಮ್ಮ ನೆನಪಿಗೆ ಏನೂ ಆಗಿಲ್ಲ. ಸುಳ್ಳು ಹೇಳಿದವಳು ನಾನು — ಅದೂ ಪಾರ್ಕಿನಲ್ಲಿ, ನಿಮ್ಮ ಗೆಳತಿಯರೆಲ್ಲರ ಎದುರಿಗೆ.

ನಿಮ್ಮ ಕಣ್ಣು ಮಂಜಾದ ಮೇಲೆ, ಸಂಜಯನಗರದ ಪಾರ್ಕಿನ ಗೆಳತಿಯರು ತಿಂಗಳಿಗೊಂದರಂತೆ ಆರಿಸುತ್ತಿದ್ದ ಕಾದಂಬರಿಯನ್ನು ನಿಮಗೆ ಓದಿ ಹೇಳುವ ಕೆಲಸ ನನ್ನದಾಯಿತು. ಆ ಸಲ ರಾಜಕೀಯ ಕಾದಂಬರಿ. ಚಳವಳಿ ಮಾಡಿ ಜೈಲು ಸೇರಿದ ಹುಡುಗ, ಬಾಗಿಲಲ್ಲಿ ಕಾಯುವ ತಾಯಿ. ನನಗೋ ಅಂಥವು ಒಗ್ಗುವುದಿಲ್ಲ. ಯಶವಂತಪುರದ ಆಫೀಸಿಗೆ ಹೋಗುವ ಬಸ್ಸಿನಲ್ಲಿ ನಾನು ಓದುವುದೆಲ್ಲ ಪ್ರೇಮಕಥೆಗಳು, ಕೊನೆಗೆ ಎಲ್ಲರೂ ಸುಖವಾಗಿರುವಂಥವು. ನೀವು ಅವರೆಕಾಳು ಹಿದುಕುತ್ತಾ ಕೇಳುತ್ತಿದ್ದಿರಿ. "ಬಿಡ್ತಾರೇನೇ ಅವನ್ನ? ಪಾಪ, ಅವರಮ್ಮ ಊಟಾನೇ ಮಾಡಿಲ್ಲ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದಿರಿ.

ಕೊನೆಯ ಪುಟದಲ್ಲಿ ಅವನ ಹೆಣ ಬರುತ್ತದೆ. ಓದಲು ನನಗೆ ಬಾಯೇ ಬರಲಿಲ್ಲ. ಅವನನ್ನು ಬಿಡಿಸಿ, ಮನೆಗೆ ಕರೆತಂದು, ತಾಯಿಯ ಕೈಯಿಂದ ಬಿಸಿ ಮುದ್ದೆ ಬಡಿಸಿಬಿಟ್ಟೆ. ನೀವು ಖುಷಿಯಿಂದ ಇನ್ನೊಂದು ಸಲ ಓದಿಸಿದಿರಿ. ಆಗ ಸೊಪ್ಪಿನ ಸಾರನ್ನೂ ಸೇರಿಸಿದೆ!

ಆ ಭಾನುವಾರ ನಿಮ್ಮ ಕೈಹಿಡಿದು ಪಾರ್ಕಿಗೆ ನಾನೂ ಬಂದಿದ್ದೆ. ನೀವು ಅದನ್ನೇ ಸಂಭ್ರಮದಿಂದ ಹೇಳಿದಿರಿ. ಎಲ್ಲರೂ ಮುಖ ಮುಖ ನೋಡಿಕೊಂಡರು. "ಸತ್ತೋಗ್ತಾನಲ್ರೀ ಅವನು" ಎಂದರು ಒಬ್ಬರು. ನೀವು ನನ್ನತ್ತ ತಿರುಗಿದಿರಿ — "ನೀನೇ ಓದಿದ್ಯಲ್ಲೇ, ಮನೆಗೆ ಬಂದ ಅಂತ?"

"ಇಲ್ಲ ಅತ್ತೆ, ಸತ್ತ ಅಂತಾನೇ ಓದಿದ್ದೆ. ನೀವು ಮರ್ತಿದೀರ."

ಕೊನೆ ಬದಲಿಸಿದ್ದು ನಿಮಗಾಗಿ ಅನ್ನಬಹುದೇನೋ. ಆದರೆ ಈ ಮಾತು — ಇದು ನನ್ನ ಮಾನ ಉಳಿಸಿಕೊಳ್ಳಲು, ಅಷ್ಟೇ.

ಆಮೇಲೆ ನೀವು ಪಾರ್ಕಿಗೆ ಹೋಗಲಿಲ್ಲ. ಗ್ಯಾಸ್ ಆರಿಸಿ, ಮತ್ತೆ ಮತ್ತೆ ಬಂದು ಮುಟ್ಟಿ ನೋಡುತ್ತೀರಿ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ನನ್ನನ್ನು ಕೇಳುತ್ತೀರಿ — ನನ್ನನ್ನು! ಹಾಕಿಯೇ ಇರುತ್ತೀರಿ. ಅದನ್ನೆಲ್ಲ ನೋಡುತ್ತಾ ಎರಡು ವರ್ಷ ಸುಮ್ಮನಿದ್ದೆನಲ್ಲ, ನನ್ನ ಬಾಯಿಗೆ ಮಣ್ಣು ಹಾಕ.

ನಿನ್ನೆ ನೀವೇ ಅಂದಿರಿ, "ನಿನ್ ಪ್ರೇಮಕಥೆ ಯಾವ್ದಾದ್ರೂ ಓದೇ. ಮರೆತ್ರೂ ನಷ್ಟ ಇಲ್ಲ ನೋಡು." ಹಾಗಂದು ನಕ್ಕಿರಿ. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಬಾಯಿ ತಡವರಿಸಬಾರದೆಂದು ಇದನ್ನು ಬರೆದಿಟ್ಟುಕೊಂಡಿದ್ದೇನೆ. ಈಗ ನಿಮಗೆ ಓದುತ್ತೇನೆ. ಭಾನುವಾರ ಪಾರ್ಕಿಗೆ ಬಂದು ಅವರೆಲ್ಲರ ಎದುರಿಗೂ ಓದುತ್ತೇನೆ. ನೀವು ಕ್ಷಮಿಸದಿದ್ದರೂ ಸರಿ. ಬನ್ನಿ, ಕೂತುಕೊಳ್ಳಿ ಅತ್ತೆ. ಈ ಸಲ ಬರೆದದ್ದನ್ನು ಬರೆದ ಹಾಗೆಯೇ ಓದುತ್ತೇನೆ.